ಸೀಟು ಸಿಗದ ಲಕ್ಷ್ಮಣ್ ಚಿತ್ರ ಕಲಿತದ್ದೆಲ್ಲಿ?

ಪ್ರತಿ ಬ್ರಾಂಚಿನಲ್ಲೂ ಒಬ್ಬರಾದರೂ ಇರುತ್ತಾರೆ. ಫೆಸ್ಟ್ ಬಂದರೆ ಪೋಸ್ಟರ್ ಅವರದ್ದೇ, ಬೋರಿಂಗ್ ಕ್ಲಾಸಿನಲ್ಲಿ ನೋಟ್ಸಿನ ಕೊನೇ ಪುಟದಲ್ಲಿ ಲೆಕ್ಚರರ್ ಮುಖ ಮೂಡಿಸುವವರೂ ಅವರೇ. "ಇಷ್ಟ್ ಚೆನ್ನಾಗಿ ಬರೀತೀಯ, ಇಂಜಿನಿಯರಿಂಗ್‌ಗೆ ಯಾಕೆ ಬಂದೆ ಮಾರಾಯ?" ಅಂದರೆ ನಕ್ಕು ಸುಮ್ಮನಾಗುತ್ತಾರೆ. ಆದರೆ ಅವರ ತಲೆಯಲ್ಲಿ ಎರಡು ಪ್ರಶ್ನೆ ಓಡುತ್ತಲೇ ಇರುತ್ತವೆ. ಆರ್ಟ್ ಸ್ಕೂಲಿಗೆ ಹೋಗದೆ ಕಲಾವಿದ ಆಗಬಹುದಾ? ಆದರೂ ಅದರಿಂದ ಹೊಟ್ಟೆ ತುಂಬುತ್ತಾ?

ಈ ಎರಡೂ ಪ್ರಶ್ನೆಗಳನ್ನು ಎದುರಿಸಿದವರಲ್ಲಿ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಒಬ್ಬರು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಪಡೆದ ವ್ಯಂಗ್ಯಚಿತ್ರಕಾರ. ಹೈಸ್ಕೂಲು ಮುಗಿಸಿ ಮುಂಬೈನ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಅವರಿಗೆ ಸೀಟು ಸಿಗಲಿಲ್ಲ. ನಮ್ಮಲ್ಲಿ ಸೇರಲು ಬೇಕಾದಂಥ ಪ್ರತಿಭೆ ನಿಮ್ಮ ಚಿತ್ರಗಳಲ್ಲಿ ಇಲ್ಲ ಎಂಬರ್ಥದ ಉತ್ತರ ಬಂತು.

ಮೋಟಿವೇಶನ್ ಭಾಷಣಗಳಲ್ಲಿ ಈ ಕಥೆ ಇಲ್ಲಿಗೇ ಮುಗಿಯುತ್ತದೆ. "ನೋಡಿ, ಡಿಗ್ರಿ ಬೇಕಾಗೇ ಇಲ್ಲ!" ಅಂತ ಚಪ್ಪಾಳೆ. ಆದರೆ ಅರ್ಜಿಗೆ ಮುಂಚೆ ಏನಿತ್ತು, ಆಮೇಲೆ ಏನಾಯ್ತು ಅನ್ನೋದನ್ನು ನೋಡಿದರೆ ಬೇರೆಯೇ ಪಾಠ ಸಿಗುತ್ತದೆ.

ಮುಂಚಿನದ್ದು ಹೀಗೆ. ಚಿಕ್ಕ ಹುಡುಗನಾಗಿದ್ದಾಗ ಶಾಲೆಯಲ್ಲಿ ಬರೆದ ಅರಳಿ ಎಲೆಯೊಂದನ್ನು ಮೇಷ್ಟ್ರು ಮೆಚ್ಚಿದರು. ಅಂದಿನಿಂದ ಲಕ್ಷ್ಮಣ್ ತಾನು ಕಲಾವಿದನಾಗುವವನು ಅಂದುಕೊಂಡರು. ಮನೆಯ ಗೋಡೆ, ನೆಲ, ಬಾಗಿಲು ಯಾವುದನ್ನೂ ಬಿಡಲಿಲ್ಲ. ಕಿಟಕಿಯಾಚೆ ಕಂಡ ಒಣಗಿದ ಕಡ್ಡಿ, ಸೌದೆ ಒಡೆಯುವ ಆಳು, ಸೂರಿನ ಮೇಲಿನ ಕಾಗೆ ಎಲ್ಲವೂ ಕಾಗದಕ್ಕೆ ಇಳಿದವು. ಮನೆಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳನ್ನು, ಅದರಲ್ಲೂ ಬ್ರಿಟನ್ನಿನ ವ್ಯಂಗ್ಯಚಿತ್ರಕಾರ ಡೇವಿಡ್ ಲೋ ಅವರ ಗೆರೆಗಳನ್ನು, ಓದು ಬರುವ ಮೊದಲೇ ನೋಡುತ್ತಾ ಬೆಳೆದರು.

ಕಾಗೆಯನ್ನೇ ಯಾಕೆ ಅಷ್ಟು ಬರೆದರು? ಲಕ್ಷ್ಮಣ್ ಕೊಡುತ್ತಿದ್ದ ಕಾರಣ ಸರಳ. ಹಸಿರು ಮರ, ನೀಲಿ ಆಕಾಶ, ಕೆಂಪು ಮಣ್ಣು, ಯಾವುದರ ಮುಂದೆ ಕೂತರೂ ಕಪ್ಪು ಕಾಗೆ ಎದ್ದು ಕಾಣುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾಂಟ್ರಾಸ್ಟ್. ಎಲ್ಲರೂ ಓಡಿಸಿಬಿಡುವ ಹಕ್ಕಿಯಲ್ಲಿ ಅವರು ಚಿತ್ರ ಕಂಡರು. ದಿನಾ ನೋಡುವುದನ್ನು ಸರಿಯಾಗಿ ನೋಡುವುದೇ ಅವರ ಮೊದಲ ತರಬೇತಿ.

ಇನ್ನು ಸೀಟು ಸಿಗದ ಮೇಲೆ ಏನಾಯ್ತು? ಲಕ್ಷ್ಮಣ್ ಮೈಸೂರಿನಲ್ಲೇ ಬಿ.ಎ. ಓದಿದರು. ಅಂದರೆ ನಮ್ಮ ಹಾಗೇ, ಓದುವುದು ಒಂದು, ಮನಸ್ಸಿರೋದು ಇನ್ನೊಂದು ಕಡೆ. ವ್ಯತ್ಯಾಸ ಏನೆಂದರೆ ಅವರು ಡಿಗ್ರಿ ಮುಗಿಯಲಿ ಆಮೇಲೆ ನೋಡೋಣ ಅನ್ನಲಿಲ್ಲ. 'ದಿ ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದ ಅಣ್ಣ ಆರ್.ಕೆ. ನಾರಾಯಣ್ ಕಥೆಗಳಿಗೆ ಚಿತ್ರ ಬರೆದರು. 1942ರಲ್ಲಿ ರಾಶಿ ಶುರು ಮಾಡಿದ ಕನ್ನಡದ ಹಾಸ್ಯ ಪತ್ರಿಕೆ 'ಕೊರವಂಜಿ'ಗೂ ಬರೆದರು. ಕೆಲಸ ಹುಡುಕಿಕೊಂಡು ಹೊರಡುವ ಹೊತ್ತಿಗೆ ತೋರಿಸಲು ಅಚ್ಚಾದ ಚಿತ್ರಗಳಿದ್ದವು. ಈಗ ಅದಕ್ಕೆ ಪೋರ್ಟ್‌ಫೋಲಿಯೊ ಅಂತೀವಿ.

ಮುಂಬೈನಲ್ಲಿ ಮೊದಲು ಸಿಕ್ಕ ಪೂರ್ಣಾವಧಿ ಕೆಲಸ 'ಫ್ರೀ ಪ್ರೆಸ್ ಜರ್ನಲ್'ನಲ್ಲಿ. ಕಮ್ಯುನಿಸ್ಟರನ್ನು ಗೇಲಿ ಮಾಡಬೇಡಿ ಎಂದು ಮಾಲೀಕರು ಹೇಳಿದಾಗ ಲಕ್ಷ್ಮಣ್ ಕೆಲಸ ಬಿಟ್ಟು ಹೊರಬಂದು 'ಟೈಮ್ಸ್ ಆಫ್ ಇಂಡಿಯಾ' ಸೇರಿದರು. ಸಂಬಳ ಬೇಕು, ಆದರೆ ಏನು ಬರೆಯಬೇಕು ಅನ್ನೋದನ್ನು ಸಂಬಳ ಕೊಡುವವರು ತೀರ್ಮಾನಿಸಬಾರದು ಅನ್ನುವ ನಿಲುವು ಅದು. ಹೊಸ ಜಾಗದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬರೆದರು.

1951ರಲ್ಲಿ ಬಂದ ಅವರ 'ಕಾಮನ್ ಮ್ಯಾನ್' ಹುಟ್ಟಿದ್ದು ಕೂಡ ಧ್ಯಾನದಲ್ಲಿ ಅಲ್ಲ, ಡೆಡ್‌ಲೈನ್‌ನಲ್ಲಿ. ಮೊದಮೊದಲು ದೇಶವನ್ನು ತೋರಿಸಲು ಒಂದೊಂದು ಪ್ರಾಂತ್ಯದವರನ್ನು ಅವರವರ ಉಡುಗೆಯಲ್ಲಿ ಬರೆಯುತ್ತಿದ್ದರು. ಪತ್ರಿಕೆ ಅಚ್ಚಿಗೆ ಹೋಗುವ ಗಡಿಬಿಡಿಯಲ್ಲಿ ಅಷ್ಟೊಂದು ಜನರಿಗೆ ಸಮಯ ಎಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಉಳಿದವನು ಒಬ್ಬ: ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳುತಲೆ, ಪೊದೆಮೀಸೆ, ಬಾಯಿಬಿಡದ ಮನುಷ್ಯ. ಲಕ್ಷ್ಮಣ್ ತಾವೇ ಇದನ್ನು ಹೇಳಿಕೊಂಡಿದ್ದಾರೆ. ಬೇಡದ್ದನ್ನು ತೆಗೆಯುತ್ತಾ ಹೋದಾಗ ಉಳಿಯೋದೇ ಒಳ್ಳೆ ಡಿಸೈನ್ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಹಾಗಾದರೆ ಕಲಾಶಾಲೆ ವೇಸ್ಟಾ? ಖಂಡಿತ ಅಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಓದಿದ್ದು ಅದೇ ಜೆ.ಜೆ.ಯಲ್ಲಿ. ಆಮೇಲೆ ಅಲ್ಲೇ ಪಾಠ ಮಾಡಿದರು, ಪ್ಯಾರಿಸ್ಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ಅದೂ ಸಾಲದೆ, ಗೆರೆಗೆ ಲಯ ಬೇಕು ಅನ್ನಿಸಿ ಕಥಕ್ ನೃತ್ಯ ಕಲಿತರು! 1989ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಒಬ್ಬರಿಗೆ ಬಾಗಿಲು ಮುಚ್ಚಿದ ಶಾಲೆ ಇನ್ನೊಬ್ಬರನ್ನು ಬೆಳೆಸಿತು. ಇಬ್ಬರಲ್ಲೂ ಸಮಾನವಾಗಿದ್ದದ್ದು ಒಂದೇ: ಪ್ರವೇಶ ಪತ್ರವಾಗಲಿ, ನಿರಾಕರಣೆ ಪತ್ರವಾಗಲಿ ಅವರ ಕಲಿಕೆಯನ್ನು ನಿಲ್ಲಿಸಲಿಲ್ಲ.

ಇವತ್ತು ಚಿತ್ರ ಬಲ್ಲವರಿಗೆ ಪತ್ರಿಕೆ ಒಂದೇ ದಾರಿಯಲ್ಲ. ಅನಿಮೇಶನ್, ಗೇಮ್, ಪುಸ್ತಕ ವಿನ್ಯಾಸ, ಆ್ಯಪ್ ಡಿಸೈನ್ ಎಲ್ಲ ಇವೆ. ಕೆಲಸ ಸಿಕ್ಕೇ ಸಿಗುತ್ತದೆ ಅಂತ ಯಾರೂ ಬರೆದುಕೊಡೋದಿಲ್ಲ. ಹಾಗೆ ನೋಡಿದರೆ ಬಿ.ಇ.ಗೂ ಯಾರೂ ಬರೆದುಕೊಡಲ್ಲ! ಡಿಗ್ರಿ ಬಿಡಿ ಅಂತ ಈ ಲೇಖನ ಹೇಳುತ್ತಿಲ್ಲ. ಲಕ್ಷ್ಮಣ್ ಕೂಡ ಬಿಡಲಿಲ್ಲ. ದಿನಕ್ಕೊಂದು ಚಿತ್ರ ಬರೆಯಿರಿ, ವಾರಕ್ಕೊಂದನ್ನಾದರೂ ಬೇರೆಯವರು ನೋಡುವ ಹಾಗೆ ಹೊರಗೆ ಹಾಕಿ. ನಾಲ್ಕು ವರ್ಷ ಮುಗಿಯುವಾಗ ಮಾರ್ಕ್ಸ್ ಕಾರ್ಡಿನ ಜೊತೆ ಇನ್ನೊಂದು ಕಟ್ಟೂ ಕೈಯಲ್ಲಿರುತ್ತದೆ. ಯಾವುದನ್ನು ಮೊದಲು ತೋರಿಸಬೇಕು ಅಂತ ಆಗ ನೀವೇ ತೀರ್ಮಾನ ಮಾಡಬಹುದು.