ಹರಾಜಿನಲ್ಲಿ ಕೊಳ್ಳುವ ನೀರೊಳಗಿನ ಕ್ಯಾಮೆರಾ

ಕವಚವಿಲ್ಲದೆ ಸಮುದ್ರದಲ್ಲಿ ಮುಳುಗಿ ಚಿತ್ರ ತೆಗೆಯಬಲ್ಲ ‘ನಿಕೊನೋಸ್’ ಕ್ಯಾಮೆರಾವನ್ನು ಜಪಾನಿನ ನಿಕಾನ್ ಸಂಸ್ಥೆಯು 1963ರಲ್ಲಿ ಹೊರತಂದಿತು. 2001ರಲ್ಲಿ ಅದರ ತಯಾರಿಕೆ ನಿಂತಿತು. ಇಂದು ಅದನ್ನು ಬಯಸುವವರು ಬಹುಮಟ್ಟಿಗೆ ಈಬೇಯಂತಹ ಅಂತರ್ಜಾಲದ ಹರಾಜನ್ನೇ ನೆಚ್ಚಬೇಕು.

ಊರಿನ ಹರಾಜಿನಲ್ಲಿ ಪಾತ್ರೆಯನ್ನು ತಟ್ಟಿ ನೋಡಿ ಸವಾಲು ಕೂಗುತ್ತೇವೆ. ಇಲ್ಲಿ ಮುಟ್ಟುವಂತಿಲ್ಲ, ಚಿತ್ರ ನೋಡಿಯೇ ಕೂಗಬೇಕು. ಹಾಗಾದರೆ ಮೊದಲು ನೋಡಬೇಕಾದುದೇನು? ಮಸೂರದ ಹೊಳಪಲ್ಲ, ನೀರನ್ನು ತಡೆಯುವ ರಬ್ಬರಿನ ಬಳೆ. 30 ಮೀಟರು ಆಳದಲ್ಲಿ ಒತ್ತಡವು ದಡದಲ್ಲಿರುವುದರ ನಾಲ್ಕರಷ್ಟು. ಬಳೆ ಕೂರುವ ತೋಡಿನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡಿದ್ದರೂ ನೀರು ಒಳನುಗ್ಗಬಹುದು. ಆದುದರಿಂದ ಬಳೆಯನ್ನು ಬಿಚ್ಚಿ, ತೋಡಿನ ಚಿತ್ರ ಕಳುಹಿಸುವಂತೆ ಮಾರುವವರನ್ನು ಕೇಳಬೇಕು. ಬಳೆ ಸವೆದಿದ್ದರೆ ಬದಲಾಯಿಸಬಹುದು. ತೋಡನ್ನೇ ಉಪ್ಪು ತಿಂದಿದ್ದರೆ ಬಿಡುವುದೇ ಲೇಸು.

ಮೊದಲ ಮೂರು ಮಾದರಿಗಳು ಬ್ಯಾಟರಿ ಬೇಡದ ಶುದ್ಧ ಯಂತ್ರಗಳು. 1984ರ ಐದನೆಯ ಮಾದರಿಯೊಳಗೆ ಎಲೆಕ್ಟ್ರಾನಿಕ್ ಭಾಗಗಳಿವೆ. ಒಮ್ಮೆ ಉಪ್ಪುನೀರು ಹೊಕ್ಕರೆ ಅದು ಉಳಿಯುವುದು ಕಷ್ಟ. ‘ಪರೀಕ್ಷಿಸಿಲ್ಲ’ ಎಂದು ಬರೆದಿದ್ದರೆ, ಕೆಟ್ಟಿದೆಯೆಂದೇ ಭಾವಿಸಿ ಬೆಲೆ ಕಟ್ಟಬೇಕು. ಹೊಸ ಬಳೆಗಳ ಮತ್ತು ದುರಸ್ತಿಯ ಖರ್ಚನ್ನು ಮೊದಲೇ ಕಳೆದು, ಮಿತಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಸವಾಲಿನ ಭರದಲ್ಲಿ ಆ ಮಿತಿಯನ್ನು ಮೀರಿದವನು, ನೀರಿಗಿಳಿಯುವ ಮುನ್ನವೇ ಮುಳುಗಿದಂತೆ.