01/11/1956: ನವೆಂಬರೋ, ಜನವರಿಯೋ?

15/08/1947, 26/01/1950, 01/11/1956. ಮೊದಲನೆಯದು ಸ್ವಾತಂತ್ರ್ಯ ಬಂದ ದಿನ, ಎರಡನೆಯದು ಗಣರಾಜ್ಯವಾದ ದಿನ, ಮೂರನೆಯದು ಕನ್ನಡ ನಾಡು ಒಂದಾದ ದಿನ. ಈ ಮೂರನ್ನೂ ಡೇಟಾಬೇಸಿನ ಒಂದು ಕಾಲಂನಲ್ಲಿ ಬರೀ ಪಠ್ಯವಾಗಿ ತುಂಬಿ, ಹಳೆಯದರಿಂದ ಹೊಸದಕ್ಕೆ ಜೋಡಿಸಲು ಹೇಳಿದರೆ 01/11/1956 ಎಲ್ಲಕ್ಕಿಂತ ಮೇಲೆ ಬಂದು ಕೂರುತ್ತದೆ. ಆ ಪಟ್ಟಿಯ ಪ್ರಕಾರ ಏಕೀಕರಣ ಮೊದಲು, ಸ್ವಾತಂತ್ರ್ಯ ಆಮೇಲೆ!

ಪಠ್ಯವನ್ನು ಕಂಪ್ಯೂಟರು ಎಡದಿಂದ ಒಂದೊಂದೇ ಅಕ್ಷರವಾಗಿ ಹೋಲಿಸುತ್ತದೆ. ‘0’ಗಿಂತ ‘1’ ದೊಡ್ಡದು, ‘1’ಕ್ಕಿಂತ ‘2’ ದೊಡ್ಡದು. ಮೊದಲ ಅಕ್ಷರದಲ್ಲೇ ತೀರ್ಮಾನ ಆಗಿಬಿಡುವುದರಿಂದ ಕೊನೆಯಲ್ಲಿರುವ ಇಸವಿಯವರೆಗೆ ಹೋಲಿಕೆ ತಲುಪುವುದೇ ಇಲ್ಲ.

ದಿನಾಂಕಕ್ಕೆಂದೇ ಇರುವ ಪ್ರಕಾರದ ಕಾಲಂನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಒಳಗೆ ಉಳಿಯುವುದು ಒಂದು ಸಂಖ್ಯೆ ಮಾತ್ರ. ಪೋಸ್ಟ್‌ಗ್ರೆಸ್ ಡೇಟಾಬೇಸ್ 2000ದ ಜನವರಿ 1ನ್ನು ಸೊನ್ನೆ ಎಂದಿಟ್ಟುಕೊಂಡು ದಿನಗಳನ್ನು ಎಣಿಸುತ್ತದೆ. ಆ ಲೆಕ್ಕದಲ್ಲಿ 1947ರ ಆಗಸ್ಟ್ 15 ಎಂದರೆ ಮೈನಸ್ 19132. 1950ರ ಜನವರಿ 26 ಎಂದರೆ ಮೈನಸ್ 18237. ಒಂದರಿಂದ ಇನ್ನೊಂದನ್ನು ಕಳೆದರೆ 895 ದಿನ ಎಂಬ ಉತ್ತರ ತಕ್ಷಣ ಸಿಗುತ್ತದೆ. ಜೋಡಿಸುವುದು, ಕಳೆಯುವುದು, ಇಂತಿಷ್ಟು ದಿನದೊಳಗಿನ ದಾಖಲೆಗಳನ್ನು ಹುಡುಕುವುದು ಎಲ್ಲವೂ ಸಾಧ್ಯವಾಗುವುದು ಈ ಸಂಖ್ಯೆಯಿಂದ. ಹಾಗಾಗಿ ಪಠ್ಯವನ್ನು ದಿನಾಂಕವಾಗಿ ಪರಿವರ್ತಿಸುವ ಕೆಲಸ ತಪ್ಪಿದ್ದಲ್ಲ. ಅಪಾಯ ಇರುವುದೂ ಈ ಪರಿವರ್ತನೆಯಲ್ಲೇ.

ಸದ್ದಿಲ್ಲದ ತಪ್ಪು

ನಾವು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಸರ್ವರಿಗೆ ನಮ್ಮ ಮೂರು ದಿನಾಂಕಗಳನ್ನು ಕೊಟ್ಟರೆ ಏನಾಗಬಹುದು? 15ನೇ ತಿಂಗಳಿಲ್ಲ, 26ನೇ ತಿಂಗಳೂ ಇಲ್ಲ. ಸಾಮಾನ್ಯವಾಗಿ ಎರಡಕ್ಕೂ ದೋಷದ ಸಂದೇಶ ಬರುತ್ತದೆ, ನಾವು ಎಚ್ಚೆತ್ತುಕೊಳ್ಳುತ್ತೇವೆ. ಆದರೆ 01/11/1956 ಯಾವ ತಕರಾರೂ ಇಲ್ಲದೆ ಜನವರಿ 11 ಆಗಿ ಒಳಗೆ ಸೇರಿಕೊಳ್ಳುತ್ತದೆ.

ಇಂಥ ದಿನಾಂಕಗಳು ಅಪರೂಪವೂ ಅಲ್ಲ. ತಾರೀಖು 12 ಅಥವಾ ಅದಕ್ಕಿಂತ ಕಡಿಮೆ ಇರುವ ದಿನಗಳು ವರ್ಷಕ್ಕೆ 144. ಅವುಗಳಲ್ಲಿ 05/05ರಂತೆ ಎರಡೂ ಅಂಕಿ ಒಂದೇ ಇರುವ 12 ದಿನಗಳಿಗೆ ತೊಂದರೆ ಇಲ್ಲ. ಉಳಿದ 132 ದಿನಗಳನ್ನು ಎರಡು ರೀತಿಯಲ್ಲೂ ಓದಬಹುದು. ಅಂದರೆ ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ದಿನಗಳು ಸದ್ದಿಲ್ಲದೆ ತಪ್ಪಾಗಬಲ್ಲವು. ಅದು ಮಗುವಿನ ಲಸಿಕೆಯ ದಿನವಾಗಿರಬಹುದು, ನಿವೃತ್ತರೊಬ್ಬರ ಜನ್ಮದಿನವಾಗಿರಬಹುದು. ಕೂಗಿ ಹೇಳುವ ದೋಷಕ್ಕಿಂತ ಒಪ್ಪಿಗೆಯ ಮುಖವಾಡ ತೊಟ್ಟ ತಪ್ಪು ಹೆಚ್ಚು ಹಾನಿ ಮಾಡುತ್ತದೆ.

ಇಸವಿಯ ಎರಡೇ ಅಂಕಿ ಬರೆದರೆ ಗೊಂದಲ ಶತಮಾನಕ್ಕೂ ಹಬ್ಬುತ್ತದೆ. ಮೈಎಸ್‌ಕ್ಯೂಎಲ್ 00ರಿಂದ 69ರವರೆಗಿನ ಅಂಕಿಗಳನ್ನು 2000ದ ಲೆಕ್ಕಕ್ಕೆ, 70ರಿಂದ 99ರವರೆಗಿನವನ್ನು 1900ರ ಲೆಕ್ಕಕ್ಕೆ ಸೇರಿಸುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಸಾಮಾನ್ಯವಾಗಿ ಆ ಗಡಿ 49ಕ್ಕೇ ಮುಗಿಯುತ್ತದೆ. ಹಾಗಾಗಿ ‘56’ ಎಂಬುದು ಮೊದಲನೆಯದರಲ್ಲಿ 2056, ಎರಡನೆಯದರಲ್ಲಿ 1956.

ರೂಪವನ್ನು ಹೇಳಿಬಿಡಿ

ಪರಿಹಾರ ಎಂದರೆ ಊಹಿಸುವ ಕೆಲಸವನ್ನು ಯಂತ್ರಕ್ಕೆ ಬಿಡದಿರುವುದು. ಒರಾಕಲ್ ಮತ್ತು ಪೋಸ್ಟ್‌ಗ್ರೆಸ್‌ನಲ್ಲಿ ‘ಟು ಡೇಟ್’ ಎಂಬ ಫಂಕ್ಷನ್ ಇದೆ. ಅದಕ್ಕೆ ಪಠ್ಯದ ಜೊತೆಗೆ ‘ಡಿಡಿ/ಎಂಎಂ/ವೈವೈವೈವೈ’ ಎಂದು ರೂಪವನ್ನೂ ಕೊಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸಕ್ಕೆ ‘ಸ್ಟ್ರಿಂಗ್ ಟು ಡೇಟ್’ ಫಂಕ್ಷನ್ ಇದೆ. ಎಸ್‌ಕ್ಯೂಎಲ್ ಸರ್ವರಿನ ‘ಕನ್ವರ್ಟ್’ಗೆ 103 ಎಂಬ ಸಂಕೇತ ಕೊಟ್ಟರೆ ದಿನ ಮೊದಲು, 101 ಕೊಟ್ಟರೆ ತಿಂಗಳು ಮೊದಲು. ಗಂಟೆ, ನಿಮಿಷಗಳೂ ಇದ್ದರೆ ಇನ್ನಷ್ಟು ಎಚ್ಚರ ಬೇಕು: ಒರಾಕಲ್‌ನಲ್ಲಿ ‘ಎಂಎಂ’ ಎಂದರೆ ತಿಂಗಳು, ನಿಮಿಷಕ್ಕೆ ‘ಎಂಐ’.

ಹೊಸದಾಗಿ ದಾಖಲಿಸುವಾಗ ಇಸವಿಯನ್ನೇ ಮೊದಲು ಬರೆಯುವುದು ಉತ್ತಮ. 1988ರಲ್ಲಿ ಬಂದ ಐಎಸ್‌ಒ 8601 ಎಂಬ ಅಂತರರಾಷ್ಟ್ರೀಯ ಮಾನಕ 1956-11-01 ಎಂದು ಬರೆಯಲು ಹೇಳುತ್ತದೆ. ದೊಡ್ಡ ಘಟಕದಿಂದ ಚಿಕ್ಕದಕ್ಕೆ ಇಳಿಯುವ ಈ ರೂಪ ಪಠ್ಯವಾಗಿ ಉಳಿದರೂ ಕಾಲಕ್ರಮದಲ್ಲೇ ಜೋಡಣೆಯಾಗುತ್ತದೆ. ಆದರೆ ಎಸ್‌ಕ್ಯೂಎಲ್ ಸರ್ವರಿನ ಹಳೆಯ ‘ಡೇಟ್‌ಟೈಮ್’ ಪ್ರಕಾರದಲ್ಲಿ, ಭಾಷೆ ಬ್ರಿಟಿಷ್ ಇಂಗ್ಲಿಷ್ ಆಗಿದ್ದರೆ, ಇದನ್ನೂ ಜನವರಿ 11 ಎಂದೇ ಓದಲಾಗುತ್ತದೆ. ಅಲ್ಲಿ ಅಡ್ಡಗೆರೆ ಬಿಟ್ಟು 19561101 ಎಂದು ಬರೆದರೆ ಗೊಂದಲವಿಲ್ಲ.

ಸಮಯಕ್ಕೆ ವಲಯವೂ ಬೇಕು. ಬೆಂಗಳೂರಿನಲ್ಲಿ ನಸುಕಿನ 3 ಗಂಟೆಗೆ ನಡೆದ ವ್ಯವಹಾರ ಜಾಗತಿಕ ಪ್ರಮಾಣ ಸಮಯದಲ್ಲಿ ಹಿಂದಿನ ದಿನದ ರಾತ್ರಿ 9:30. ಪಠ್ಯದ ಕೊನೆಯಲ್ಲಿ +05:30 ಎಂದಿಲ್ಲದಿದ್ದರೆ ದಿನದ ಲೆಕ್ಕವೇ ಪಲ್ಲಟವಾಗಬಹುದು.

ಹೆಸರು ಬದಲಿಸಿಕೊಂಡ ಜೀನ್‌ಗಳು

ಯಂತ್ರದ ಊಹೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಜೀವವಿಜ್ಞಾನದಲ್ಲಿ ಉದಾಹರಣೆ ಇದೆ. ‘ಸೆಪ್ಟ್2’, ‘ಮಾರ್ಚ್1’ ಎಂಬ ಹೆಸರಿನ ಮಾನವ ಜೀನ್‌ಗಳಿದ್ದವು. ಎಕ್ಸೆಲ್‌ನಲ್ಲಿ ಟೈಪ್ ಮಾಡಿದೊಡನೆ ಅವು ಸೆಪ್ಟೆಂಬರ್ 2, ಮಾರ್ಚ್ 1 ಆಗಿಬಿಡುತ್ತಿದ್ದವು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ದೋಷಗಳಿವೆ ಎಂದು 2016ರ ಅಧ್ಯಯನವೊಂದು ತೋರಿಸಿತು. ಕೊನೆಗೆ ಜೀನ್‌ಗಳ ನಾಮಕರಣ ಸಮಿತಿ ಅವನ್ನು ‘ಸೆಪ್ಟಿನ್2’, ‘ಮಾರ್ಚ್‌ಎಫ್1’ ಎಂದು ಬದಲಿಸಿತು. ಇಂಥ ಬದಲಾವಣೆಗಳನ್ನು ವಿವರಿಸುವ ಮಾರ್ಗಸೂಚಿ 2020ರಲ್ಲಿ ಪ್ರಕಟವಾಯಿತು.

ಹಳೆಯ ದಾಖಲೆ ಕೈಗೆ ಬಂದಾಗ

ಮೊದಲು ಅಂಕಿಗಳನ್ನೇ ಕೇಳಿ. ಮೊದಲ ಸ್ಥಾನದಲ್ಲಿ 13 ಮತ್ತು ಮೇಲಿನ ಅಂಕಿಗಳು ಸಿಕ್ಕರೆ ಅಲ್ಲಿರುವುದು ದಿನ. ಎರಡನೇ ಸ್ಥಾನದಲ್ಲಿ ಸಿಕ್ಕರೆ ಅಮೆರಿಕದ ಕ್ರಮ. ಎರಡೂ ಕಡೆ ಸಿಕ್ಕರೆ ಎರಡು ಮೂಲಗಳ ದಾಖಲೆ ಬೆರೆತಿದೆ ಎಂದರ್ಥ. ಅವನ್ನು ಬೇರ್ಪಡಿಸದೆ ಮುಂದೆ ಹೋಗಬಾರದು. ರೂಪಕ್ಕೆ ಹೊಂದದ ಪಠ್ಯ ಸಿಕ್ಕರೆ ಮೈಎಸ್‌ಕ್ಯೂಎಲ್‌ನ ಫಂಕ್ಷನ್ ‘ನಲ್’ ಕೊಡುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ ‘ಟ್ರೈ ಕನ್ವರ್ಟ್’ ಬಳಸಿದರೂ ಹಾಗೆಯೇ. ಆ ‘ನಲ್’ ಸಾಲುಗಳನ್ನು ಎಣಿಸಿ, ಕಣ್ಣಾರೆ ನೋಡಿ.

ಪರಿವರ್ತನೆಯನ್ನು ಒಮ್ಮೆ ಮಾಡಿ ದಿನಾಂಕದ ಹೊಸ ಕಾಲಂನಲ್ಲಿ ಇಡುವುದು ಒಳ್ಳೆಯದು. ಪ್ರತಿ ಕ್ವೆರಿಯಲ್ಲೂ ಇಡೀ ಕಾಲಂ ಅನ್ನು ಪರಿವರ್ತಿಸುತ್ತಾ ಹೋದರೆ, ಆ ಕಾಲಂ ಮೇಲಿನ ಸಾಮಾನ್ಯ ಇಂಡೆಕ್ಸ್ ನೆರವಿಗೆ ಬರುವುದಿಲ್ಲ; ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಓದಬೇಕಾಗುತ್ತದೆ. ಹೊಸ ಕಾಲಂ ಸಿದ್ಧವಾಯಿತೆಂದು ಮೂಲ ಪಠ್ಯವನ್ನು ಅಳಿಸಲೂಬೇಡಿ. ಯಾವ ರೂಪವೆಂದು ತಿಳಿದು ಓದಿದೆವು ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಅದನ್ನು ಉಳಿಸಿಟ್ಟರೆ, ಮುಂದೆ ಯಾರಿಗಾದರೂ ತಮ್ಮ ಜನ್ಮದಿನ ತಪ್ಪಾಗಿದೆ ಅನ್ನಿಸಿದಾಗ ಪರಿಶೀಲಿಸಿ ತಿದ್ದಿಕೊಡಲು ಸಾಧ್ಯವಾಗುತ್ತದೆ.