ಗಣಕಯಂತ್ರದಲ್ಲಿ ‘ಆಮದು’ ದೋಷ: ಕಾರಣ ಮತ್ತು ಪರಿಹಾರ

‘ಆಮದು’ ಎಂದೊಡನೆ ವ್ಯಾಪಾರಸ್ಥರಿಗೆ ಬಂದರು ಮತ್ತು ಸುಂಕ ನೆನಪಾಗುವುದು ಸಹಜ. ಗಣಕಯಂತ್ರದ ಕ್ಷೇತ್ರದಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವಿದೆ. ಒಂದು ಪ್ರೋಗ್ರಾಮ್ ತನ್ನ ಕೆಲಸಕ್ಕೆ ಬೇಕಾದ ಸಿದ್ಧ ಸಲಕರಣೆಗಳನ್ನು ‘ಲೈಬ್ರರಿ’ ಎಂಬ ಉಗ್ರಾಣದಿಂದ ತರಿಸಿಕೊಳ್ಳುವುದಕ್ಕೆ ‘ಇಂಪೋರ್ಟ್’ ಎನ್ನುತ್ತಾರೆ. ಹಾಗೆ ತರಿಸಿಕೊಳ್ಳುವಾಗ ಉಂಟಾಗುವ ತೊಡಕೇ ಆಮದು ದೋಷ.

ಇಳಕಲ್ಲಿನ ಸೀರೆ ಹಾಗೂ ಗ್ರಾನೈಟ್ ವ್ಯವಹಾರ, ಹುನಗುಂದ ಭಾಗದ ಕಾಳುಕಡಿ ವಹಿವಾಟು, ಬಾದಾಮಿಯ ವಸತಿಗೃಹ, ಬಾಗಲಕೋಟೆಯ ಸಗಟು ಅಂಗಡಿ, ಯಾವುದೇ ಇರಲಿ, ಸಿದ್ಧ ಲೆಕ್ಕದ ತಂತ್ರಾಂಶದ ಜೊತೆಗೆ ಸಣ್ಣಪುಟ್ಟ ಪ್ರೋಗ್ರಾಮ್‌ಗಳು ಬಹಳ ಉಪಯುಕ್ತ. ಎಕ್ಸೆಲ್ ಹಾಳೆಗಳನ್ನು ಒಗ್ಗೂಡಿಸುವುದು, ದಾಸ್ತಾನು ತಾಳೆ ನೋಡುವುದು, ಜಿಎಸ್‌ಟಿ ವಿವರಪಟ್ಟಿಗೆ ಅಂಕಿಸಂಖ್ಯೆ ಸಿದ್ಧಪಡಿಸುವುದು ಮುಂತಾದ ಕೆಲಸಗಳಿಗೆ ಉಚಿತವಾಗಿ ದೊರೆಯುವ ಪೈಥಾನ್ ಭಾಷೆಯಲ್ಲಿ ಇವುಗಳನ್ನು ಬರೆಯಿಸಿಕೊಳ್ಳಬಹುದು. ಆದರೆ ನಿನ್ನೆಯವರೆಗೆ ಸರಿಯಾಗಿ ನಡೆದ ಪ್ರೋಗ್ರಾಮ್, ಗಣಕಯಂತ್ರ ಬದಲಿಸಿದ ಮರುದಿನ ‘ಮಾಡ್ಯೂಲ್ ನಾಟ್ ಫೌಂಡ್ ಎರರ್’ ಎಂಬ ಸಂದೇಶ ತೋರಿಸಿ ನಿಂತುಬಿಡುವುದುಂಟು.

ಇದು ಕೇವಲ ತಾಂತ್ರಿಕ ಕಿರಿಕಿರಿಯಲ್ಲ. ಮಾಸಿಕ ವಿವರಪಟ್ಟಿ ಸಲ್ಲಿಸುವವರು ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ನೇ ತಾರೀಖಿನೊಳಗೆ ಸಲ್ಲಿಸಬೇಕು. ತಪ್ಪಿದರೆ ಮಾಲು ಕೊಂಡವರ ಹೂಡುವಳಿ ತೆರಿಗೆಯ ಜಮೆ ಆ ತಿಂಗಳ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಕಾಣದೆ ಮುಂದಿನ ತಿಂಗಳಿಗೆ ಹೋಗುತ್ತದೆ. ಗಿರಾಕಿಯ ವಿಶ್ವಾಸಕ್ಕೆ ಇದರಿಂದ ಧಕ್ಕೆಯಾಗುತ್ತದೆ.

ದೋಷದ ಸ್ವರೂಪ

ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡೂ ಹಾಸುಗಳು ಉತ್ತಮವಾಗಿದ್ದರೂ ಕೊಂಡಿ ಕೂಡದಿದ್ದರೆ ನೇಯ್ಗೆ ಮುಂದುವರಿಯದು. ಆಮದು ದೋಷವೂ ಇಂಥದೇ. ಪ್ರೋಗ್ರಾಮ್ ಕೆಟ್ಟಿರುವುದಿಲ್ಲ, ಲೆಕ್ಕದ ಕಡತಗಳು ನಾಶವಾಗಿರುವುದಿಲ್ಲ. ಪ್ರೋಗ್ರಾಮ್‌ಗೂ ಲೈಬ್ರರಿಗೂ ಇರುವ ಸಂಬಂಧ ಮಾತ್ರ ಕಡಿದಿರುತ್ತದೆ. ಆದ್ದರಿಂದ ಗಾಬರಿಯಿಂದ ಇಡೀ ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ಸಲ್ಲದು. ದೋಷದಲ್ಲಿ ಉಳಿದಿದ್ದ ಕಡತಗಳು ಆ ಪರಿಹಾರದಲ್ಲಿ ಹೋಗಿಬಿಡಬಹುದು.

ಪರಿಹಾರದ ಕ್ರಮ

1. ಸಂದೇಶದ ಕೊನೆಯ ಸಾಲನ್ನು ಮೊದಲು ಓದಬೇಕು. ಯಾವ ಲೈಬ್ರರಿ ಸಿಗಲಿಲ್ಲ ಎಂಬುದು ಅಲ್ಲಿಯೇ ಇರುತ್ತದೆ. ಅದನ್ನು ಅಕ್ಷರ ಬಿಡದೆ ಬರೆದುಕೊಳ್ಳುವುದು ಒಳ್ಳೆಯದು.

2. ಒಂದೇ ಗಣಕಯಂತ್ರದಲ್ಲಿ ಎರಡು ಪೈಥಾನ್‌ಗಳಿವೆಯೇ ಎಂದು ಪರೀಕ್ಷಿಸಬೇಕು. ಲೈಬ್ರರಿಯನ್ನು ಒಂದರಲ್ಲಿ ಸ್ಥಾಪಿಸಿ, ಪ್ರೋಗ್ರಾಮನ್ನು ಇನ್ನೊಂದರಲ್ಲಿ ನಡೆಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು. ಮಾಲು ಒಂದು ಗೋದಾಮಿನಲ್ಲಿದ್ದು ಹುಡುಕಾಟ ಮತ್ತೊಂದರಲ್ಲಿ ನಡೆದಂತೆ. ಪ್ರೋಗ್ರಾಮ್ ಬಳಸುವ ಪೈಥಾನ್‌ನ ಮೂಲಕವೇ ‘ಪಿಪ್’ ಎಂಬ ಸ್ಥಾಪಕವನ್ನು ನಡೆಸಿದರೆ ಈ ತೊಡಕು ನಿವಾರಣೆಯಾಗುತ್ತದೆ.

3. ಪ್ರೋಗ್ರಾಮ್‌ನಲ್ಲಿರುವ ಹೆಸರು ಮತ್ತು ಸ್ಥಾಪಿಸುವಾಗ ಕೊಡಬೇಕಾದ ಹೆಸರು ಒಂದೇ ಆಗಿರಬೇಕೆಂದಿಲ್ಲ. ಸೀರೆಗಳ ಛಾಯಾಚಿತ್ರ ಹೊಂದಿಸಲು ಬಳಸುವ ‘ಪಿಐಎಲ್’ ಅನ್ನು ‘ಪಿಲ್ಲೋ’ ಎಂಬ ಹೆಸರಿನಲ್ಲಿ ಪಡೆಯಬೇಕು. ಹೆಸರನ್ನು ಊಹಿಸಿ ಸ್ಥಾಪಿಸುವುದು ಅಪಾಯಕರ. ಪ್ರಸಿದ್ಧ ಲೈಬ್ರರಿಗಳನ್ನು ಹೋಲುವ ಹೆಸರಿನಲ್ಲಿ ವಂಚಕರು ಕುತಂತ್ರಾಂಶ ಸೇರಿಸಿದ ಪ್ರಸಂಗಗಳಿವೆ.

4. ಲೈಬ್ರರಿ ಇದ್ದರೂ ಅದರ ಆವೃತ್ತಿ ಹೊಂದದಿರಬಹುದು. ಎಕ್ಸೆಲ್ ಕಡತ ಓದುವ ‘ಎಕ್ಸ್‌ಎಲ್‌ಆರ್‌ಡಿ’ ಲೈಬ್ರರಿ 2020ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಿಂದ ಹಳೆಯ ‘ಎಕ್ಸ್‌ಎಲ್‌ಎಸ್’ ಕಡತಗಳನ್ನು ಮಾತ್ರ ಓದುತ್ತದೆ. ‘ಎಕ್ಸ್‌ಎಲ್‌ಎಸ್‌ಎಕ್ಸ್’ ಕಡತಗಳಿಗೆ ‘ಓಪನ್‌ಪಿವೈಎಕ್ಸ್‌ಎಲ್’ ಬೇಕು. ಹಾಗೆಯೇ ವಿಂಡೋಸ್ 7 ಇರುವ ಹಳೆಯ ಯಂತ್ರಗಳಲ್ಲಿ ಪೈಥಾನ್ 3.8ರ ನಂತರದ ಆವೃತ್ತಿಗಳಿಗೆ ಬೆಂಬಲವಿಲ್ಲ.

5. ಸ್ವಂತ ಕಡತಕ್ಕೆ ಲೈಬ್ರರಿಯ ಹೆಸರನ್ನೇ ಇಡಬಾರದು. ‘ಪಾಂಡಾಸ್’ ಲೈಬ್ರರಿ ಬಳಸುವ ಪ್ರೋಗ್ರಾಮ್‌ಗೂ ಅದೇ ಹೆಸರಿಟ್ಟರೆ, ಪೈಥಾನ್ ಉಗ್ರಾಣಕ್ಕೆ ಹೋಗುವ ಬದಲು ಆ ಕಡತವನ್ನೇ ಎತ್ತಿಕೊಂಡು ಮುಗ್ಗರಿಸುತ್ತದೆ. ಕಡತದ ಹೆಸರು ಬದಲಿಸಿದರೆ ಸಾಕು.

ಮುನ್ನೆಚ್ಚರಿಕೆ

ಪ್ರೋಗ್ರಾಮ್ ಬರೆದುಕೊಟ್ಟ ಯುವಕ ಉದ್ಯೋಗಕ್ಕಾಗಿ ಬೆಂಗಳೂರಿಗೋ ಪುಣೆಗೋ ಹೋದ ಮೇಲೆ ಅಂಗಡಿಯಲ್ಲಿ ಅದರ ಮರ್ಮ ಬಲ್ಲವರಿರುವುದಿಲ್ಲ. ಆದ್ದರಿಂದ ಹಣ ಸಂದಾಯ ಮಾಡುವ ಮುನ್ನವೇ ಮೂರು ವಸ್ತುಗಳನ್ನು ಕೇಳಿ ಪಡೆಯಬೇಕು: ಪ್ರೋಗ್ರಾಮ್‌ನ ಮೂಲ ಕಡತ, ಬಳಸಿದ ಪೈಥಾನ್‌ನ ಆವೃತ್ತಿ, ಹಾಗೂ ಎಲ್ಲ ಲೈಬ್ರರಿಗಳ ಹೆಸರು ಮತ್ತು ಆವೃತ್ತಿಗಳ ಪಟ್ಟಿ. ‘ಪಿಪ್ ಫ್ರೀಜ್’ ಎಂಬ ಆಜ್ಞೆಯಿಂದ ಈ ಪಟ್ಟಿ ಕ್ಷಣಮಾತ್ರದಲ್ಲಿ ಸಿದ್ಧವಾಗುತ್ತದೆ. ಪ್ರತಿಯೊಂದು ಪ್ರೋಗ್ರಾಮ್‌ಗೂ ‘ವರ್ಚುವಲ್ ಎನ್ವಿರಾನ್‌ಮೆಂಟ್’ ಎಂಬ ಪ್ರತ್ಯೇಕ ಕೋಣೆ ಮಾಡಿಸಿದರೆ ಒಂದರ ಬದಲಾವಣೆ ಇನ್ನೊಂದನ್ನು ಕೆಡಿಸದು.

ಪಟ್ಟಿಯ ಒಂದು ಮುದ್ರಿತ ಪ್ರತಿ ಲೆಕ್ಕದ ಪುಸ್ತಕಗಳ ಜೊತೆಗಿರಲಿ. ವಿವರಪಟ್ಟಿ ಸಲ್ಲಿಸುವ ವಾರದಲ್ಲಿ ಯಾವ ತಂತ್ರಾಂಶವನ್ನೂ ನವೀಕರಿಸಬಾರದು. ಹೊಸ ಯಂತ್ರ ಕೊಂಡಾಗ, ಅದರಲ್ಲಿ ಒಂದು ತಿಂಗಳ ಲೆಕ್ಕ ತಾಳೆಯಾಗುವವರೆಗೆ ಹಳೆಯದನ್ನು ವಿಲೇವಾರಿ ಮಾಡಬಾರದು. ದಾಸ್ತಾನು ಪುಸ್ತಕಕ್ಕೆ ಕೊಡುವಷ್ಟೇ ಗಮನವನ್ನು ಈ ಪಟ್ಟಿಗೂ ಕೊಟ್ಟರೆ, ಎರಡು ದಿನ ವ್ಯವಹಾರ ನಿಲ್ಲಿಸಬಹುದಾದ ದೋಷವನ್ನು ಸ್ಥಳೀಯ ಗಣಕಯಂತ್ರ ತಂತ್ರಜ್ಞರು ಅರ್ಧ ಗಂಟೆಯಲ್ಲಿ ಸರಿಪಡಿಸಬಲ್ಲರು.